ಎರಡು ಸಾವಿರ ಬಂದರೂ ಸಾಲ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ಖುಷ್ಕಿ ಜಮೀನು, ಮಳೆ ನಂಬಿ ಶೇಂಗಾ ಹಾಕುತ್ತೇವೆ. ಎರಡು ಎಕರೆ ಅಪ್ಪನ ಹೆಸರಲ್ಲಿದೆ. ಉಳಿದ ಒಂದೂವರೆ ಎಕರೆ ತೀರಿಹೋದ ತಾತನ ಹೆಸರಲ್ಲೇ ಇದೆ. ಊರಲ್ಲಿ ಅಪ್ಪ, ಅಮ್ಮ, ಅಜ್ಜಿ ಇದ್ದಾರೆ. ನಾನು ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ. ಅಪ್ಪನಿಗೆ ಪಿಎಂ ಕಿಸಾನ್ ಹಣ ವರ್ಷಕ್ಕೆ 6,000 ಬರುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಜ್ಜಿ, ಹಾಗಾಗಿ ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬೀಳುತ್ತದೆ. ಜೊತೆಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ಬೇರೆ. ಸಾಲ ಹೀಗಿದೆ: ಸೊಸೈಟಿಯಲ್ಲಿ 80,000, ಊರಲ್ಲಿ ಕೈಸಾಲ 60,000 (ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ), ಅಮ್ಮನ ಹೆಸರಲ್ಲಿ ವಾರದ ಸಂಘದ ಸಾಲ. ಎರಡು ವರ್ಷದಿಂದ ಇಷ್ಟು ದುಡ್ಡು ಬಂದರೂ ಕೈಸಾಲ ಒಂದು ರೂಪಾಯಿ ಇಳಿದಿಲ್ಲ. ಪುಕ್ಕಟೆ ದುಡ್ಡು ಜನರನ್ನು ಸೋಮಾರಿ ಮಾಡುತ್ತೆ ಅಂತ ನಮ್ಮ ಮಾವ ಹೇಳುತ್ತಾರೆ. ಬಂದದ್ದೆಲ್ಲ ಸೊಸೈಟಿಗೆ ಕಟ್ಟಿಬಿಡೋಣ ಅನ್ನುವುದು ಅಪ್ಪನ ವಾದ. ದುಡ್ಡಿನ ವಿಷಯಕ್ಕೆ ಅಜ್ಜಿ, ಅಮ್ಮ ಮಾತು ಬಿಟ್ಟಿದ್ದಾರೆ. ಈ ಹಣದಿಂದ ನಿಜಕ್ಕೂ ಉಪಯೋಗ ಇದೆಯಾ? ಇದ್ದರೆ ಹೇಗೆ ಬಳಸಬೇಕು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಹಳ್ಳಿ ಶಾಖೆಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನಿಗೆ ಅದೊಂದು ಚಟ. ಗೃಹಲಕ್ಷ್ಮಿ ವರ್ಷಕ್ಕೆ 24,000. ಅಜ್ಜಿಯ ಪಿಂಚಣಿ 14,400. ಪಿಎಂ ಕಿಸಾನ್ 6,000. ಒಟ್ಟು 44,400 ರೂಪಾಯಿ. ಚಿಕ್ಕ ಮೊತ್ತ ಅಲ್ಲ. ಈಗ ಕೈಸಾಲದ ಬಡ್ಡಿ ನೋಡಿ. ಅರವತ್ತು ಸಾವಿರಕ್ಕೆ ಮೂರು ರೂಪಾಯಿ ಅಂದರೆ ತಿಂಗಳಿಗೆ 1,800, ವರ್ಷಕ್ಕೆ 21,600.

ಅಂದರೆ ಸರ್ಕಾರ ಅಜ್ಜಿಗೆ ಹಾಕುವ 2,000ದಲ್ಲಿ 1,800 ರೂಪಾಯಿ ಸಾಲ ಕೊಟ್ಟವರ ಮನೆ ಸೇರುತ್ತಿದೆ. ಉಳಿಯುವುದು 200. ಸಾಲ ಯಾಕೆ ಇಳಿದಿಲ್ಲ ಅನ್ನುವುದಕ್ಕೆ ಉತ್ತರ ಇಷ್ಟೇ.

ಆದರೆ ಸಾಲ ಏರಿಲ್ಲವಲ್ಲ, ಅದನ್ನೂ ನೋಡಿ. ಈ ದುಡ್ಡು ಬರದೇ ಇದ್ದಿದ್ದರೆ ಎರಡು ವರ್ಷದ ಬಡ್ಡಿಯೇ 43,200 ಆಗುತ್ತಿತ್ತು. ಕಟ್ಟಲಾಗದೆ ಅಸಲಿಗೆ ಸೇರಿಸಿ ಲಕ್ಷ ದಾಟಿದ ಹೊಸ ಪತ್ರಕ್ಕೆ ನಿಮ್ಮ ತಂದೆ ಹೆಬ್ಬೆಟ್ಟು ಒತ್ತಬೇಕಾಗುತ್ತಿತ್ತು. ಇಂಥ ಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಡ ರೈತರ ಮನೆಗೆ ನೇರವಾಗಿ ಬರುವ ಹಣ ಮೊದಲು ಮಾಡುವ ಕೆಲಸವೇ ಇದು: ಇನ್ನೂ ಕೆಳಗೆ ಜಾರದ ಹಾಗೆ ತಡೆ ಹಾಕುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತೆ. ಆಗಬೇಕಾಗಿದ್ದ ಕೆಟ್ಟದ್ದು ಆಗದೇ ಇರುವುದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ?

ನಿಮ್ಮ ಮಾವನ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ತಿಂಗಳಿಗೆ 2,000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿಯೇ ದಿನಕ್ಕೆ 370. ಅರವತ್ತಾರು ರೂಪಾಯಿ ನೆಚ್ಚಿಕೊಂಡು ಮುನ್ನೂರು ಚಿಲ್ಲರೆ ಬಿಡುವಷ್ಟು ದಡ್ಡರು ನಮ್ಮ ಹಳ್ಳಿಯಲ್ಲಿ ಇಲ್ಲ. ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ 2011-12ರ ಹೊತ್ತಿಗೆ "ಸೇವಾ" (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ಮಾಡಿತು. ಊರಿನ ಪ್ರತಿಯೊಬ್ಬರಿಗೂ ಯಾವ ಷರತ್ತೂ ಇಲ್ಲದೆ ತಿಂಗಳ ಹಣ ಕೊಟ್ಟರು. ಮೊದಲು ದೊಡ್ಡವರಿಗೆ 200, ಮಕ್ಕಳಿಗೆ 100. ವರ್ಷದ ಮೇಲೆ ಅದನ್ನು 300 ಮತ್ತು 150 ಮಾಡಿದರು. ಜನ ಮನೆಯಲ್ಲಿ ಕೂರಲಿಲ್ಲ. ಬೇರೆಯವರ ಹೊಲದ ಕೂಲಿ ಸ್ವಲ್ಪ ಕಡಿಮೆ ಮಾಡಿ ತಮ್ಮ ಹೊಲದಲ್ಲಿ ಜಾಸ್ತಿ ದುಡಿದರು. ಬೀಜ, ಗೊಬ್ಬರ ತಂದರು, ಆಡು ಕೋಳಿ ಸಾಕಿದರು. ಕುಡಿತ ಹೆಚ್ಚಾಗಲಿಲ್ಲ. ಬೇರೆ ದೇಶಗಳ ಇಂಥ ಯೋಜನೆಗಳನ್ನು ನೋಡಿದವರೂ ಕುಡಿತದ ಬಗ್ಗೆ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದಾರೆ.

ಒಂದು ಮಾತು ಮಾತ್ರ ನಿಜ. ಕೈಯಲ್ಲಿ ನಾಲ್ಕು ಕಾಸು ಇದ್ದ ಹೆಂಗಸು ಕಳೆ ಕೀಳಲು ಕಡಿಮೆ ಕೂಲಿಗೆ ಕರೆದರೆ "ಬರಲ್ಲ" ಅನ್ನುತ್ತಾಳೆ. ಅದನ್ನೇ ಸೋಮಾರಿತನ ಅಂತ ಕರೆಯುವವರು ಸಾಮಾನ್ಯವಾಗಿ ಆಳು ಕರೆಯುವವರೇ ಆಗಿರುತ್ತಾರೆ. ನಿಮ್ಮ ಮಾವನಿಗೆ ಹೊಲ ಎಷ್ಟಿದೆ ಅಂತ ಸುಮ್ನೆ ಕೇಳಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಥ ಹಣ ಒಂದು ಮನೆಗೆ ಏನು ಮಾಡುತ್ತದೆ ಅನ್ನುವುದು ಮೊತ್ತಕ್ಕಿಂತ ಜಾಸ್ತಿ ಎರಡು ವಿಷಯದ ಮೇಲೆ ನಿಂತಿದೆ. ಒಂದು, ಯಾವಾಗ ಬರುತ್ತದೆ. ಇನ್ನೊಂದು, ಯಾರ ಕೈಗೆ ಬರುತ್ತದೆ.

ಮೊದಲು ಯಾವಾಗ ಅನ್ನುವುದನ್ನು ನೋಡೋಣ. ಪಿಎಂ ಕಿಸಾನ್ ಶುರುವಾಗಿದ್ದು 2019ರ ಫೆಬ್ರವರಿಯಲ್ಲಿ. ಅವತ್ತೂ 6,000, ಇವತ್ತೂ 6,000. ಅದರ ಮೇಲೆ ನಮ್ಮ ರಾಜ್ಯ ಸೇರಿಸುತ್ತಿದ್ದ 4,000 ಕೂಡ 2023ರಲ್ಲಿ ನಿಂತಿತು. ಹಾಗಾಗಿ ಈಗ ವರ್ಷಕ್ಕೆ ಮೂರು ಕಂತು, ತಲಾ 2,000. ಕಂತು ಇಂಥ ತಾರೀಕಿಗೇ ಬರುತ್ತದೆ ಅಂತ ಇಲ್ಲ. 2024ರಲ್ಲಿ ಒಂದು ಕಂತು ಜೂನ್ 18ಕ್ಕೆ ಬಿಡುಗಡೆ ಆಯಿತು. ನಿಮ್ಮ ಕಡೆ ಶೇಂಗಾ ಬಿತ್ತನೆಗೆ ಜನ ಮೋಡ ನೋಡುತ್ತಾ ಕೂತಿರುವ ಹೊತ್ತು ಅದು. ಆಗ 2,000 ರೂಪಾಯಿಗೆ ಏನು ಬರುತ್ತದೆ? 1,350ಕ್ಕೆ ಒಂದು ಮೂಟೆ ಡಿಎಪಿ ಗೊಬ್ಬರ. ಉಳಿದ ಆರುನೂರೈವತ್ತು ನೇಗಿಲು ಹೊಡೆಸುವುದಕ್ಕೋ ಬಿತ್ತನೆ ಬೀಜದ ಸಬ್ಸಿಡಿ ಕಳೆದು ಕೈಯಿಂದ ಕಟ್ಟುವುದಕ್ಕೋ ಸ್ವಲ್ಪ ಆಗುತ್ತದೆ. ಮರುವರ್ಷ, 2025ರಲ್ಲಿ, ಅದೇ ಕಂತು ಬಂದಿದ್ದು ಆಗಸ್ಟ್ 2ಕ್ಕೆ. ಅಷ್ಟು ಹೊತ್ತಿಗೆ ಹದ ಸಿಕ್ಕವರ ಬಿತ್ತನೆ ಮುಗಿದಿತ್ತು. ಗೊಬ್ಬರ ದಲ್ಲಾಳಿ ಅಂಗಡಿಯಿಂದ ಉದ್ದರಿಗೆ ಬಂದಾಗಿತ್ತು.

ಈ ಉದ್ದರಿ ಅನ್ನುವುದು ಏನು ಅಂತ ನಿಮ್ಮ ತಂದೆಗೆ ಚೆನ್ನಾಗಿ ಗೊತ್ತು, ಬೆಂಗಳೂರು ಸೇರಿದ ನಿಮಗೆ ಗೊತ್ತಿರಲಿಕ್ಕಿಲ್ಲ. ಜೂನ್‌ನಲ್ಲಿ ಬೀಜ ಗೊಬ್ಬರ ಕೊಟ್ಟವನು ನವೆಂಬರ್‌ನಲ್ಲಿ ಕಾಯಿ ತನ್ನ ಅಂಗಡಿಗೇ ತರಬೇಕು ಅನ್ನುತ್ತಾನೆ. ತೂಕ ಅವನದು, ತೇವಾಂಶದ ಕಡಿತ ಅವನದು, ರೇಟೂ ಅವನದು. 2025-26ಕ್ಕೆ ಶೇಂಗಾ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263. ಆದರೆ ಖರೀದಿ ಕೇಂದ್ರ ತೆರೆಯುವ ತನಕ ಕಾಯುವ ಸ್ವಾತಂತ್ರ್ಯ ಉದ್ದರಿ ತಂದವನಿಗೆ ಇಲ್ಲ. ಅಂದರೆ ಬಿತ್ತನೆ ಹೊತ್ತಿನ 2,000ದ ಬೆಲೆ ಬರೀ 2,000 ಅಲ್ಲ. ಅದು ಒಂದು ಮೂಟೆಯಷ್ಟಾದರೂ ಉದ್ದರಿ ತಪ್ಪಿಸುತ್ತದೆ. ಅದೇ ಹಣ ಆಗಸ್ಟ್‌ನಲ್ಲಿ ಬಂದರೆ ಹಬ್ಬಕ್ಕೆ, ಆಸ್ಪತ್ರೆಗೆ, ದಿನಸಿಗೆ ಹೋಗುತ್ತದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಉತ್ತರ ಪ್ರದೇಶದಲ್ಲಿ ಯೋಜನೆ ಶುರುವಾದ ಹೊಸದರಲ್ಲೇ ನಡೆದ ಅಧ್ಯಯನ ಕೂಡ ಇದನ್ನೇ ಕಂಡಿತ್ತು. ಬೇಸಾಯದ ಹೊತ್ತಿಗೆ ಕಂತು ಬಂದವರು ಹೊಲಕ್ಕೆ ಹಾಕಿದರು, ಬೇರೆ ಹೊತ್ತಲ್ಲಿ ಬಂದವರು ಮನೆಗೆ ಹಾಕಿದರು. ದುಡ್ಡಿನ ಮೇಲೆ ಹೆಸರು ಬರೆದಿರುವುದಿಲ್ಲ.

ಹಾಗಾಗಿ ಫೆಬ್ರವರಿ, ಮಾರ್ಚ್ ಆಸುಪಾಸಿನಲ್ಲಿ ಬರುವ ಕಂತನ್ನು ಮುಟ್ಟದೆ ಜೂನ್ ತನಕ ಇಟ್ಟುಕೊಳ್ಳಲು ಅಪ್ಪನಿಗೆ ಹೇಳಿ. ನೀವು ಬೆಂಗಳೂರಿನಿಂದ ಕಳಿಸುವ ದುಡ್ಡನ್ನೂ ಅದಕ್ಕೆ ತಕ್ಕ ಹಾಗೆ ಕಳಿಸಿ. ತಿಂಗಳಿಗೆ ಒಂದೇ ಸಮ ಕಳಿಸುವ ಬದಲು ಮೇ ಕೊನೆಗೆ ಸ್ವಲ್ಪ ಜಾಸ್ತಿ, ಬೇರೆ ತಿಂಗಳು ಕಡಿಮೆ. ಜುಲೈನಲ್ಲಿ ಬೆಳೆ ವಿಮೆ ಕಂತು ಕಟ್ಟುವುದನ್ನೂ ಮರೆಯಬೇಡಿ. ಮುಂಗಾರಿನ ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ನೂರಕ್ಕೆ ಎರಡರಷ್ಟು ಮಾತ್ರ. ವಿಮೆಗೆ ಬರೆಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಇರಬೇಕು. ಇಲ್ಲದಿದ್ದರೆ ಕ್ಲೇಮ್ ತಿರಸ್ಕಾರ ಆಗುತ್ತದೆ. ಹೊಲದಲ್ಲಿ ಶೇಂಗಾ, ದಾಖಲೆಯಲ್ಲಿ ಮೆಕ್ಕೆಜೋಳ ಆದ ಕಥೆ ಎಷ್ಟೋ ಇವೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೀವೇ ಬೆಂಗಳೂರಿನಲ್ಲಿ ಕೂತು ನೋಡಬಹುದು.

ಇನ್ನು ಸಾಲ. ನಿಮ್ಮ ತಂದೆ ಸೊಸೈಟಿಗೆ ಕಟ್ಟೋಣ ಅನ್ನುವುದು ಮರ್ಯಾದಸ್ಥರ ಮಾತು, ಆದರೆ ಲೆಕ್ಕದಲ್ಲಿ ಉಲ್ಟಾ. ಸೊಸೈಟಿಯ ಬೆಳೆ ಸಾಲಕ್ಕೆ ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಈ ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಬಡ್ಡಿ ಇಲ್ಲದ ಸಾಲಕ್ಕೆ ಅವಸರದಿಂದ ಕಟ್ಟಿ, ಮೂರು ರೂಪಾಯಿ ಬಡ್ಡಿಯ ಸಾಲವನ್ನು ಹಾಗೇ ಇಟ್ಟುಕೊಳ್ಳುವುದು ಯಾಕೆ? ಸೊಸೈಟಿಗೆ ವಾಯಿದೆ ತಪ್ಪಬಾರದು, ಅಷ್ಟೇ. ತಪ್ಪಿದರೆ ಬಡ್ಡಿ ಬೀಳುತ್ತದೆ. ವರ್ಷಕ್ಕೊಮ್ಮೆ ಹಳೇ ಸಾಲ ಕಟ್ಟಿ ಹೊಸದು ಎತ್ತುವ ಎರಡು ದಿನಕ್ಕೋಸ್ಕರ ಜನ ಹೊರಗಡೆ ಕೈಕಡ ತಂದು ದಂಡ ತೆರುತ್ತಾರೆ. ಆ ಎರಡು ದಿನದ ದುಡ್ಡು ನಿಮ್ಮಿಂದ, ನಿಮ್ಮ ಗೆಳೆಯರಿಂದ ಹೊಂದಿಸಲು ಆದರೆ ಅಪ್ಪನಿಗೆ ದೊಡ್ಡ ಉಪಕಾರ.

ಕೈಸಾಲಕ್ಕೆ ಬನ್ನಿ. ತಿಂಗಳಿಗೆ 2,000 ಕಟ್ಟುತ್ತಾ ಹೋದರೆ, ಮೂರು ರೂಪಾಯಿ ಬಡ್ಡಿಯಲ್ಲಿ ಈ 60,000 ತೀರಲು 78 ತಿಂಗಳು ಬೇಕು. ಆರೂವರೆ ವರ್ಷ. ಅದೇ 60,000 ನೂರಕ್ಕೆ ವರ್ಷಕ್ಕೆ ಹತ್ತರ ಬಡ್ಡಿಯಲ್ಲಿದ್ದರೆ ಅದೇ 2,000ಕ್ಕೆ 35 ತಿಂಗಳಲ್ಲಿ ಮುಗಿಯುತ್ತದೆ. ಕಟ್ಟುವ ಹಣ ಒಂದೇ, ಕಾಲ ಅರ್ಧಕ್ಕಿಂತ ಕಡಿಮೆ. ಮನೆಯಲ್ಲಿ ಸ್ವಲ್ಪ ಬಂಗಾರ ಇದ್ದರೆ ಬ್ಯಾಂಕಿನಲ್ಲಿಟ್ಟು ಈ ಕೈಸಾಲವನ್ನು ಒಂದೇ ಸಲಕ್ಕೆ ಚುಕ್ತಾ ಮಾಡಿ. ಬಂಗಾರದ ಸಾಲಕ್ಕೆ ಬ್ಯಾಂಕುಗಳ ಬಡ್ಡಿ ಕೈಸಾಲದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಬಂಗಾರ ಇಡುವುದು ಮನೆತನಕ್ಕೆ ಅವಮಾನ ಅಂತ ಅಜ್ಜಿ ಅನ್ನಬಹುದು. ಈ ಎರಡು ಅಂಕಿ, 78 ಮತ್ತು 35, ಅವರಿಗೆ ಹೇಳಿ ನೋಡಿ. ಹಿರಿಯ ಹೆಂಗಸರು ಲೆಕ್ಕದಲ್ಲಿ ನಮಗಿಂತ ಚುರುಕು.

ಇಲ್ಲೊಂದು ಎಚ್ಚರಿಕೆ. ಗೃಹಲಕ್ಷ್ಮಿ ಹಣ ತಿಂಗಳು ತಿಂಗಳೂ ಗಡಿಯಾರದ ಹಾಗೆ ಬರುವುದಿಲ್ಲ. ಎರಡು ಮೂರು ತಿಂಗಳು ನಿಂತು ಆಮೇಲೆ ಒಟ್ಟಿಗೆ ಬಿದ್ದದ್ದಿದೆ. ವಾರದ ಕಂತು ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. "ಹೆಂಗೂ ಗೃಹಲಕ್ಷ್ಮಿ ಬರ್ತೈತಲ್ಲ, ಇನ್ನೊಂದು ಲೋನ್ ತಗಳ್ರಿ" ಅಂತ ಸಾಲ ಕೊಡುವವರೇ ಬಾಗಿಲಿಗೆ ಬರುತ್ತಾರೆ. ಬರುವ ಹಣದ ಭರವಸೆಯ ಮೇಲೆ ಹೊಸ ಸಾಲ ಎತ್ತಿದರೆ, ತಡೆ ಹಾಕಬೇಕಾದ ಹಣವೇ ಜಾರುಬಂಡೆ ಆಗುತ್ತದೆ. ಇಂಥ ಮೈಕ್ರೋಫೈನಾನ್ಸ್ ಸಾಲಗಳ ವಸೂಲಿ ಕಾಟ ಹೆಚ್ಚಾಗಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅನ್ನುವುದನ್ನು ನೆನಪಿಡಿ. ಅಮ್ಮನ ಸಂಘದ ಸಾಲ ಮುಗಿಯುವ ತನಕ ಹೊಸದಕ್ಕೆ ಸಹಿ ಬೇಡ.

ಅಮ್ಮ ಆ ಸಾಲ ಎತ್ತಿದ್ದು ಯಾಕೆ ಅಂತ ನೀವು ಬರೆದಿಲ್ಲ. ನನಗೊಂದು ಅನುಮಾನ ಇದೆ. ತಿಂಗಳಿಗೆ 3,200 ಬರುವುದು ಅಜ್ಜಿಗೆ. ಕಂತು ಬರುವುದು ಅಪ್ಪನಿಗೆ. ಬೆಳಗ್ಗೆಯಿಂದ ರಾತ್ರಿ ತನಕ ಮನೆ ನಡೆಸುವ, ಹೊಲದಲ್ಲಿ ಕಳೆ ಕೀಳುವ ಅಮ್ಮನ ಖಾತೆಗೆ ಏನೂ ಇಲ್ಲ. ಅಡುಗೆ ಎಣ್ಣೆಗೂ ಅತ್ತೆಯ ಮುಂದೆ ಕೈ ಚಾಚಬೇಕು. ಅಂಥ ಹೆಂಗಸಿಗೆ ಸ್ವಂತಕ್ಕೆ ದುಡ್ಡು ಸಿಗುವ ಒಂದೇ ಜಾಗ ಸಂಘ. ಯಾರ ಕೈಗೆ ಅಂತ ನಾನು ಮೊದಲೇ ಹೇಳಿದ್ದು ಇದಕ್ಕೇ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಗುವ ಮೊದಲೇ ಅತ್ತೆಗೋ ಸೊಸೆಗೋ ಅನ್ನುವ ಜಗಳ ರಾಜ್ಯದ ತುಂಬಾ ನಡೆದಿತ್ತು. ಅದು ತಮಾಷೆ ಆಗಿರಲಿಲ್ಲ.

ನಾನಿದ್ದ ಒಂದು ಶಾಖೆಯಲ್ಲಿ ಸುಮಾರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಬರುತ್ತಿದ್ದರು. ಕೌಂಟರ್ ಕಿಂಡಿಗೆ ಮುಖ ತಂದು "ದುಡ್ಡು ಬಂದೈತೇನು ಸಾರ್?" ಅನ್ನುತ್ತಿದ್ದರು. ಬಂದಿದೆ ಅಂದರೆ ಆರುನೂರು ತೆಗೆದುಕೊಂಡು ಉಳಿದದ್ದು ಅಲ್ಲೇ ಬಿಡುತ್ತಿದ್ದರು. ಪಾಸ್‌ಬುಕ್ಕನ್ನು ಎಂಟ್ರಿ ಹಾಕಿಸಿ, ಎಲೆ ಅಡಿಕೆ ಚೀಲದಲ್ಲಿಟ್ಟು, ಚೀಲದ ದಾರ ಎರಡು ಸುತ್ತು ಬಿಗಿಯುತ್ತಿದ್ದರು. ಒಂದು ದಿನ ಕೇಳಿದೆ, ಯಾಕಜ್ಜಿ ಎಲ್ಲಾ ತಗೊಳಲ್ಲ ಅಂತ. "ಈ ಚೀಲ ಕಂಡ್ರೆ ಸೊಸಿ ಕಾಫಿ ಕೊಡ್ತಾಳೆ" ಅಂದು ನಕ್ಕರು. ನಗುತ್ತಾ ಹೇಳಿದರೂ ಅದು ನಿಜ. ವಯಸ್ಸಾದವರಿಗೆ ಖಾತೆಯ ದುಡ್ಡು ಮನೆಯೊಳಗಿನ ಜಾಗ. ಹಾಗಾಗಿ ಅಜ್ಜಿಯ ಪಿಂಚಣಿ 1,200ಕ್ಕೆ ಯಾರೂ ಕೈ ಹಾಕಬೇಡಿ, ಮಾತ್ರೆಗೆ, ಎಲೆ ಅಡಿಕೆಗೆ, ಮೊಮ್ಮಕ್ಕಳ ಕೈಗೆ ಕೊಡಲು ಅವರಿಗೇ ಇರಲಿ. ಗೃಹಲಕ್ಷ್ಮಿಯ 2,000 ಮಾತ್ರ ಮನೆಯ ಹಣ ಅಂತ ಅವರನ್ನೇ ಒಪ್ಪಿಸಿ. ಬಂಗಾರದ ಸಾಲಕ್ಕೆ ಕಟ್ಟಲು ಬ್ಯಾಂಕಿಗೆ ಅಜ್ಜಿಯೇ ಹೋಗಲಿ, ಜೊತೆಗೆ ಅಮ್ಮ ಹೋಗಲಿ. ರಸೀದಿ ಅಮ್ಮನ ಹತ್ತಿರ ಇರಲಿ. ನೀವು ಕಳಿಸುವುದರಲ್ಲಿ ಒಂದು ಸಾವಿರವನ್ನಾದರೂ ಅಪ್ಪನಿಗೆ ಬದಲು ಅಮ್ಮನ ಖಾತೆಗೆ ಹಾಕಿ. ಆಮೇಲೆ ಮಾತು ಬಿಟ್ಟವರು ಹೇಗೆ ಮಾತಾಡುತ್ತಾರೆ ನೋಡಿ.

ಬ್ಯಾಂಕಿನವನಾಗಿ ನಾಚಿಕೆಯಿಂದ ಹೇಳಬೇಕಾದ ಒಂದು ವಿಷಯ ಇದೆ. ಸುಸ್ತಿಯಾದ ಸಾಲ ಇರುವ ಖಾತೆಗೆ ಪರಿಹಾರ, ಪಿಂಚಣಿ ಏನೇ ಬಿದ್ದರೂ ಎಷ್ಟೋ ಸಲ ಕಂಪ್ಯೂಟರ್ ಎಳೆದುಕೊಂಡು ಸಾಲಕ್ಕೆ ಜಮಾ ಮಾಡಿಬಿಡುತ್ತದೆ. ನಾನಿದ್ದ ಶಾಖೆಯಲ್ಲೇ ಒಬ್ಬ ವಿಧವೆಯ ಪಿಂಚಣಿ ನಾಲ್ಕು ತಿಂಗಳು ಹೀಗೆ ಹೋಯಿತು. ವಾಪಸ್ ಕೊಡಿಸಲು ನಾನು ಎಷ್ಟು ಪತ್ರ ಬರೆದೆನೋ. 2024ರಲ್ಲಿ ಬರ ಪರಿಹಾರದ ಹಣಕ್ಕೂ ಇದೇ ಆದಾಗ ಸಾಲಕ್ಕೆ ಮುರಿದುಕೊಳ್ಳಬೇಡಿ ಅಂತ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಯಿತು. ಇದಕ್ಕೊಂದು ಸರಳ ದಾರಿ ಇದೆ. ಆಧಾರ್ ಮೂಲಕ ಬರುವ ಹಣ, ನೀವು ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೀರೋ ಆ ಖಾತೆಗೇ ಬೀಳುತ್ತದೆ. ಸಾಲ ಇಲ್ಲದ ಕಡೆ, ಪೋಸ್ಟ್ ಆಫೀಸಿನ ಪೇಮೆಂಟ್ಸ್ ಬ್ಯಾಂಕಾದರೂ ಸರಿ, ಒಂದು ಖಾತೆ ತೆರೆದು ಅಪ್ಪನ ಆಧಾರ್ ಅಲ್ಲಿಗೆ ಜೋಡಿಸಿ. ಸಾಲ ತಪ್ಪಿಸಿಕೊಳ್ಳುವ ಉಪಾಯ ಅಲ್ಲ ಇದು. ಯಾವ ದುಡ್ಡು ಯಾವ ಸಾಲಕ್ಕೆ ಅಂತ ಕಂಪ್ಯೂಟರ್ ಬದಲು ನಿಮ್ಮ ಮನೆಯವರು ತೀರ್ಮಾನ ಮಾಡಲಿ ಅಂತ.

ಈ ಹಣದಿಂದ ಆಗದ ಕೆಲಸವೂ ಇದೆ. ಅದು ಮಳೆ ತರುವುದಿಲ್ಲ, ಶೇಂಗಾ ರೇಟು ಏರಿಸುವುದಿಲ್ಲ. ಗೃಹಲಕ್ಷ್ಮಿ ಹಣ ಕೂಡಿಟ್ಟು ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ಕೊಳವೆಬಾವಿ ಕೊರೆಸಿದರು, ನೀರು ಬಂತು ಅನ್ನುವ ಸುದ್ದಿ ನೀವೂ ಓದಿರಬಹುದು. ಖುಷಿಯ ಸುದ್ದಿಯೇ. ಆದರೆ ಚಳ್ಳಕೆರೆ ನೆಲದಲ್ಲಿ ಸಾಲ ಇಟ್ಟುಕೊಂಡು ಬೋರ್ ಕೊರೆಸುವುದು ಜೂಜು. ನೀರು ಬಾರದ ಬೋರಿನ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಬೆಳಗಾವಿ ಕಡೆಯ ಒಬ್ಬ ಅಜ್ಜಿ ಅದೇ ಹಣದಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ನನಗೆ ಅದಕ್ಕಿಂತ ಜಾಣತನದ ಖರ್ಚು ಅನ್ನಿಸಿತು. ಇದು ನನ್ನ ವೈಯಕ್ತಿಕ ಅಭಿಪ್ರಾಯ, ಬೈಯಬೇಡಿ.

ಕೊನೆಗೆ ಉಳಿದದ್ದು ತಾತನ ಹೆಸರಲ್ಲಿರುವ ಒಂದೂವರೆ ಎಕರೆ. ಪತ್ರದಲ್ಲಿ ಅದನ್ನು ಹಾಗೇ ದಾಟಿಸಿದ್ದೀರಿ, ನನಗೆ ಕಣ್ಣಿಗೆ ಬಿದ್ದದ್ದು ಅದೇ. ಪಿಎಂ ಕಿಸಾನ್ ಎಕರೆ ಲೆಕ್ಕದಲ್ಲಿ ಬರುವುದಿಲ್ಲ, ಹಾಗಾಗಿ ಅಲ್ಲಿ ನಷ್ಟ ಇಲ್ಲ. ಬೆಳೆ ಹಾನಿ ಪರಿಹಾರ ಹಾಗಲ್ಲ. 2023ರ ಬರಕ್ಕೆ ಖುಷ್ಕಿಯ ದರ ಹೆಕ್ಟೇರಿಗೆ 8,500 ಇತ್ತು, ಎರಡು ಹೆಕ್ಟೇರ್ ತನಕ. ಹಣ ಹೋಗುವುದು ಎಫ್‌ಐಡಿಗೆ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆಗೆ, ಸೇರಿದ ಜಮೀನಿಗೆ ಮಾತ್ರ. ಸತ್ತವರ ಹೆಸರಿನ ಪಹಣಿ ನಿಮ್ಮ ಅಪ್ಪನ ಎಫ್‌ಐಡಿಗೆ ಸೇರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಅಂಥ ವರ್ಷ ಈ ಒಂದೂವರೆ ಎಕರೆಯಿಂದ ನಿಮಗೆ ತಪ್ಪುವುದು ಸುಮಾರು 5,000 ರೂಪಾಯಿ. ಎರಡೂವರೆ ಪಿಎಂ ಕಿಸಾನ್ ಕಂತು. ವಿಮೆ, ಬೆಳೆ ಸಾಲ ಎರಡೂ ಆ ತುಂಡಿಗೆ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಎರಡು ದಿನ ರಜೆ ಜಾಸ್ತಿ ಹಾಕಿ ಪೌತಿ ಖಾತೆಯ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಕೆಲಸ ಶುರು ಮಾಡಿ. ತಾತನ ಮರಣ ಪ್ರಮಾಣ ಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ ಮೊದಲು ಬೇಕು. ವಂಶವೃಕ್ಷದಲ್ಲಿ ಚಿಕ್ಕಪ್ಪ ದೊಡ್ಡಪ್ಪ ಇದ್ದರೆ ಅವರಷ್ಟೇ ಅಲ್ಲ, ಮದುವೆಯಾಗಿ ಹೋದ ಅತ್ತೆಯಂದಿರ ಹೆಸರೂ ಬರುತ್ತದೆ, ಅವರಿಗೂ ಹಕ್ಕಿದೆ. ಈ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ, ಯಾರೂ ಅವರನ್ನು ಕೇಳಿರುವುದಿಲ್ಲ. ಕಾಗದ ಹಿಡಿದು ಸಹಿಗೆ ಹೋಗುವ ಮೊದಲು ಅಮ್ಮನನ್ನು ಕರೆದುಕೊಂಡು ಸುಮ್ನೆ ಒಂದು ಸಲ ಅವರ ಮನೆಗೆ ಊಟಕ್ಕೆ ಹೋಗಿ ಬನ್ನಿ.